ಗೋಡೆಯೊಳಗಿನ ಕರಿ ವೈರು

ನಮ್ಮ ಹಿತ್ತಲಿನಲ್ಲಿ ಬಟ್ಟೆ ಒಣಹಾಕುವ ಹಗ್ಗ ನಿಜವಾಗಿ ಹಗ್ಗವಲ್ಲ, ಹಳೆಯ ಕೇಬಲ್ ವೈರು. ಬೇವಿನ ಮರದ ಕೊಂಬೆಯಿಂದ ಬಚ್ಚಲ ಗೋಡೆಯ ಮೊಳೆಯ ತನಕ ಬಿಗಿದಿದ್ದೇನೆ. ಬಿಸಿಲಿಗೆ ಹರಿಯುವುದಿಲ್ಲ, ಮಳೆಗೆ ಕೊಳೆಯುವುದಿಲ್ಲ, ನೆನೆದ ಕೌದಿ ಹಾಕಿದರೂ ನೆಲ ಮುಟ್ಟುವಷ್ಟು ಜೋಲುವುದಿಲ್ಲ. ಒಂದೇ ದೋಷವೆಂದರೆ ಹಳೆಯದಾದಂತೆ ಅದು ಕರಿ ಬಿಡುತ್ತದೆ. ನನ್ನ ಬಿಳಿ ಅಂಗಿಗಳಿಗೆಲ್ಲ ಎದೆಯ ಮೇಲೆ ಅಡ್ಡಲಾಗಿ ಒಂದು ಕಪ್ಪು ಗೆರೆ ಬಿದ್ದಿದೆ. ನನ್ನ ಹೆಂಡತಿ ಗಿರಿಜಾ ಅಂಗಿ ಮಡಚುವಾಗಲೆಲ್ಲ, ಇದನ್ನು ಕಿತ್ತೊಗೆದು ಒಂದು ನೈಲಾನ್ ಹಗ್ಗ ತಂದರೆ ನಿಮ್ಮ ಗಂಟೇನು ಹೋಗುತ್ತದೆ ಎಂದು ಕೇಳುತ್ತಾಳೆ. ನಾನು ನಾಳೆ ತರುತ್ತೇನೆ ಎನ್ನುತ್ತೇನೆ. ಕುಂದಗೋಳದ ಸಹಕಾರಿ ಸಂಘವೊಂದರಲ್ಲಿ ನಾನು ಕಾರಕೂನ. ನಾಳೆ ಎನ್ನುವುದು ನನಗೆ ಕಚೇರಿಯಿಂದಲೇ ರೂಢಿಯಾದ ಮಾತು.

ನಮ್ಮ ಯರಗುಪ್ಪಿಯಲ್ಲಿ ಕೇಬಲ್ ವೈರಿಗೆ ಟಿವಿಯ ಕೆಲಸ ಮುಗಿದ ಮೇಲೆಯೇ ನಿಜವಾದ ಸಂಸಾರ ಶುರುವಾಗುತ್ತದೆ. ಬೈಕಿನ ಹಿಂದೆ ಹಾಲಿನ ಕ್ಯಾನು ಕಟ್ಟುವುದು ಅದರಿಂದಲೇ. ಗಾಳಿಗೆ ಹಾರದಂತೆ ಬಣವಿಯ ಮೇಲಿನ ತಾಡಪತ್ರಿ ಬಿಗಿಯುವುದೂ ಅದರಿಂದಲೇ. ಅಪ್ಪನ ತಮ್ಮ, ನಮ್ಮ ಕಾಕಾ ಅಂತೂ ತನ್ನ ಹೊರಸನ್ನೇ ಅದರಿಂದ ಹೆಣೆದುಕೊಂಡಿದ್ದ. ಮಲಗಿ ಎದ್ದರೆ ಬೆನ್ನ ಮೇಲೆ ಚೌಕುಳಿ ಮೂಡುತ್ತಿತ್ತು. ಆದರೂ ಹುಬ್ಬಳ್ಳಿಯ ಗಾದಿಗಿಂತ ಇದೇ ಚಲೋ ಎಂದು ಬಂದವರನ್ನೆಲ್ಲ ಕೂಡಿಸಿ ತೋರಿಸುತ್ತಿದ್ದ. ಕೂತವರು ಏಳುವಾಗ ಹೌದು ಎನ್ನಲೇಬೇಕಾಗುತ್ತಿತ್ತು.

ನನಗೊಂದು ಚಟವಿದೆ. ಎಲ್ಲಿಯಾದರೂ ವೈರಿನ ತುದಿ ಕಂಡರೆ ಅದು ಯಾವ ಜಾತಿಯದೆಂದು ನೋಡದೆ ಮುಂದೆ ಹೋಗಲಾರೆ. ಬೀಗರ ಮನೆಗೆ ಹೋದರೆ ಅವರು ನೀರು ಕೊಡುವ ಮೊದಲೇ ನನ್ನ ಕಣ್ಣು ಅವರ ಟಿವಿಯ ಹಿಂದೆ ಹೋಗಿರುತ್ತದೆ. ಮೊದಲು ಅಂಟೆನಾ ಕಾಲದಲ್ಲಿ ಬಂದದ್ದು ಚಪ್ಪಟೆ ಪಟ್ಟಿಯಂಥ ವೈರು, ಎರಡು ತಂತಿಗಳ ನಡುವೆ ತೆಳ್ಳನೆಯ ಪ್ಲಾಸ್ಟಿಕ್ಕು. ಆಮೇಲೆ ಈ ದುಂಡನೆಯ ಕರಿ ವೈರು ಬಂತು. ಅದರಲ್ಲಿ ಸಪೂರದ್ದು ಮನೆಯೊಳಗೆ ಹತ್ತು ಮಾರು ಓಡಾಡುವುದಕ್ಕೆ ಸಾಕು. ಅದಕ್ಕಿಂತ ತುಸು ದಪ್ಪನಾದದ್ದು ಕಂಬದಿಂದ ಮನೆಗೆ ಬರುವುದಕ್ಕೆ, ಡಿಶ್ಶಿನಿಂದ ಇಳಿಯುವುದಕ್ಕೆ. ಡಿಶ್ಶಿನವರು ಅದನ್ನು ಬಿಳಿಯ ಅಂಗಿ ತೊಡಿಸಿ ತರುತ್ತಾರೆ. ಇನ್ನು ಹೆಬ್ಬೆರಳಿನ ಗಾತ್ರದ್ದು ಕಂಬದಿಂದ ಕಂಬಕ್ಕೆ ಊರೂರು ದಾಟುವಂಥದು. ತನ್ನ ಭಾರಕ್ಕೆ ತಾನೇ ಜೋತು ಬೀಳಬಾರದೆಂದು ಅದರ ಬೆನ್ನಿಗೇ ಒಂದು ಉಕ್ಕಿನ ತಂತಿ ಕೂಡಿಸಿರುತ್ತಾರೆ. ನಮ್ಮ ಸಂಘದ ಬಾಗಿಲಿಗೆ ಕ್ಯಾಮೆರಾ ಹಾಕಿದಾಗ ಬಂದದ್ದು ಮತ್ತೊಂದು ಜಾತಿ. ಅದರ ಬಗಲಲ್ಲಿ ಕರೆಂಟಿನ ವೈರೂ ಅಂಟಿಕೊಂಡಿತ್ತು. ಆ ದಿನ ನಾನು ಇಡೀ ಮಧ್ಯಾಹ್ನ ಏಣಿ ಹಿಡಿದು ನಿಂತಿದ್ದೆ. ಸಾಲ ಕೇಳಲು ಬಂದವರು ನನ್ನನ್ನೇ ಕ್ಯಾಮೆರಾದವನೆಂದು ತಿಳಿದು, ತಮ್ಮ ಮುಖ ಚಲೋ ಕಾಣುತ್ತದೆಯೇ ಎಂದು ವಿಚಾರಿಸಿ ಹೋದರು.

ಮೇಲೆ ಯಾವ ವೇಷವಿದ್ದರೂ ಒಳಗೆ ಎಲ್ಲದರ ಬಾಳೂ ಒಂದೇ. ಹೊರಗೆ ಸಿಪ್ಪೆ, ಅದರೊಳಗೆ ಸಣ್ಣ ತಂತಿಗಳ ಜಾಳಿಗೆ, ಅದರೊಳಗೆ ಬೆಳ್ಳಿ ಹಾಳೆ, ಅದರೊಳಗೆ ಬಿಳಿಯ ಮೆತ್ತನೆಯ ಕೊಳವೆ, ನಟ್ಟನಡುವೆ ತಾಮ್ರದ ಒಂದೇ ಕಡ್ಡಿ. ನಾವು ಹುಡುಗರಿದ್ದಾಗ ಆ ಜಾಳಿಗೆಯನ್ನು ಬಿಚ್ಚಿ ಉಂಗುರ ಮಾಡಿಕೊಳ್ಳುತ್ತಿದ್ದೆವು. ಸಿಪ್ಪೆ ಸುಲಿಯಲು ಚಾಕು ಕೇಳಿದರೆ ಹಿರಿಯರು ಕೊಡುತ್ತಿರಲಿಲ್ಲ, ಹಾಗಾಗಿ ಹಲ್ಲೇ ಗತಿ. ನನ್ನ ಮುಂದಿನ ಹಲ್ಲಿನ ಮೂಲೆ ಚೂರು ಒಡೆದಿರುವುದು ಆ ವಿದ್ಯೆಯ ಫಲ. ಹೆಣ್ಣು ನೋಡಲು ಹೋದಾಗ ಗಿರಿಜಾಳ ಅಜ್ಜಿ ಹಲ್ಲಿಗೇನಾಯಿತೆಂದು ನೇರವಾಗಿ ಕೇಳಿಬಿಟ್ಟಳು. ನಾನು ಕಬಡ್ಡಿ ಆಡುವಾಗ ಬಿದ್ದೆ ಎಂದೆ. ನನ್ನ ಮೈಕಟ್ಟು ನೋಡಿ ಯಾರೂ ನಂಬಲಿಲ್ಲ, ಆದರೂ ಹೆಣ್ಣು ಕೊಟ್ಟರು.

ಚಪ್ಪಟೆ ಪಟ್ಟಿ ಇದ್ದಾಗ ಓಣಿಯಲ್ಲಿ ಹಿಟ್ಟಿನ ಗಿರಣಿ ಶುರುವಾದರೆ ಸಾಕು, ಟಿವಿಯ ತೆರೆಯ ಮೇಲೆ ಚುಕ್ಕೆಗಳ ಇರುವೆ ಮುತ್ತಿಕೊಳ್ಳುತ್ತಿದ್ದವು. ಮೋಟರ್ ಸೈಕಲ್ ಹೋದರೂ ಚಿತ್ರ ಬೆಚ್ಚಿ ಬೀಳುತ್ತಿತ್ತು. ದುಂಡು ವೈರು ಬಂದ ಮೇಲೆ ಆ ಕಾಟ ಕಡಿಮೆಯಾಯಿತು. ಸುತ್ತಲಿನ ಜಾಳಿಗೆ ಹೊರಗಿನ ಗದ್ದಲವನ್ನು ಹೊರಗೇ ತಡೆಯುತ್ತದೆ. ಚಿತ್ರವೂ ದನಿಯೂ ಜಾಳಿಗೆಗೂ ನಡುವಿನ ಕಡ್ಡಿಗೂ ಮಧ್ಯದ ಆ ಬಿಳಿಯ ಜಾಗದಲ್ಲಿ ಸುಮ್ಮನೆ ಹಾದು ಬರುತ್ತವೆ. ಆದರೆ ಒಂದು ಕರಾರು ಉಂಟು. ಜಾಳಿಗೆಯೂ ಕಡ್ಡಿಯೂ ಒಂದನ್ನೊಂದು ಬಿಟ್ಟಿರುವಂತಿಲ್ಲ, ಒಂದಕ್ಕೊಂದು ತಾಗುವಂತೆಯೂ ಇಲ್ಲ. ಜಾಳಿಗೆಯ ಕೂದಲೆಳೆಯಂಥ ಒಂದು ತಂತಿ ಕಡ್ಡಿಗೆ ತಾಗಿತೋ, ಚಿತ್ರ ಮಾಯ. ಈ ಸಂಗತಿ ಯಾರಿಗೆ ವಿವರಿಸಲು ಕೂತರೂ ನನಗೆ ನಮ್ಮ ಅವ್ವ ಮತ್ತು ಚಿಗವ್ವ ನೆನಪಾಗುತ್ತಾರೆ, ವಿವರಣೆ ಅಲ್ಲಿಗೇ ನಿಂತುಹೋಗುತ್ತದೆ.

ಚಿಗವ್ವ ಎಂದರೆ ನಮ್ಮ ಕಾಕಾನ ಹೆಂಡತಿ. ಆಕೆ ಮದುವೆಯಾಗಿ ಬಂದಾಗ ಜೊತೆಗೆ ಒಂದು ಟಿವಿಯೂ ಬಂತು. ನಮ್ಮದು ಮಣ್ಣಿನ ಮಾಳಿಗೆಯ ಮನೆ. ಮಳೆಗಾಲಕ್ಕೆ ಮೊದಲು ಮೇಲೆ ಸವುಳು ಮಣ್ಣು ಹರಡಿ ತುಳಿಯಬೇಕು, ಇಲ್ಲದಿದ್ದರೆ ಸೋರುತ್ತದೆ. ಆ ಮಣ್ಣಿನ ಮೇಲೆ ಕಬ್ಬಿಣದ ಪೈಪು ನಿಲ್ಲಿಸಿ ಅಂಟೆನಾ ಏರಿಸಿದ್ದರು. ಗಾಳಿ ಬೀಸಿದರೆ ಅದು ಮುಖ ತಿರುಗಿಸಿಕೊಳ್ಳುತ್ತಿತ್ತು. ಆಗ ನಾನು ಮಾಳಿಗೆ ಹತ್ತಿ ಪೈಪು ತಿರುವಬೇಕು. ಚಿಗವ್ವ ಟಿವಿಯ ಮುಂದೆ ಕೂತು ಬಂತು, ಹೋತು ಎಂದು ಹೇಳಬೇಕು. ಆಕೆ ಹೊಸ ಮದುಮಗಳು, ಮಾವನ ಎದುರು ದನಿ ಎತ್ತರಿಸುವಂತಿರಲಿಲ್ಲ. ಹಾಗಾಗಿ ಅವ್ವ ಬೆಳಕಿಂಡಿಯ ಕೆಳಗೆ ನಿಂತು ಚಿಗವ್ವನ ಪಿಸುಮಾತನ್ನು ದೊಡ್ಡದು ಮಾಡಿ ಮೇಲೆ ನನಗೆ ದಾಟಿಸುತ್ತಿದ್ದಳು. ಕೆಲವೊಮ್ಮೆ ಚಿಗವ್ವ ಬಂತು ಎಂದರೂ ಅವ್ವ ನನಗೆ ಹೋತು ಎಂದು ಕೂಗಿ, ನಾನು ಬಿಸಿಲಲ್ಲಿ ಪೈಪಿನೊಡನೆ ಕುಸ್ತಿ ಹಿಡಿಯುವುದನ್ನು ಇಬ್ಬರೂ ಸೆರಗು ಬಾಯಿಗಿಟ್ಟು ನೋಡಿ ನಗುತ್ತಿದ್ದರು. ಅಣ್ಣ ತಮ್ಮಂದಿರ ಹೆಂಡಿರಾದ ನೆಗೆಣ್ಣಿಯರು ಒಂದೇ ಗಂಗಾಳದಲ್ಲಿ ಉಣ್ಣುತ್ತಿದ್ದದ್ದನ್ನು ನಾನು ಕಂಡದ್ದು ನಮ್ಮ ಮನೆಯಲ್ಲಿ ಮಾತ್ರ.

ಅಜ್ಜ ತೀರಿದ ಮೇಲೆ ಮನೆ ಪಾಲಾಯಿತು. ಅಪ್ಪನಿಗೂ ಕಾಕಾನಿಗೂ ಜಗಳವೇನೂ ಇರಲಿಲ್ಲ. ಹೊಲ ಬೇರೆಯಾದ ಮೇಲೂ ಬದುವಿನ ಮೇಲೆ ಕೂತು ಎಲೆ ಅಡಿಕೆ ಹಂಚಿಕೊಂಡರು, ಅಪ್ಪ ಇರುವ ತನಕ ಅದು ತಪ್ಪಲಿಲ್ಲ. ಪಾಲು ಮಾಡಲು ಬಂದ ಪಂಚರು ಬಹಳ ನ್ಯಾಯವಂತರು. ಎಷ್ಟು ನ್ಯಾಯವಂತರೆಂದರೆ, ದನಗಳನ್ನು ತಲೆ ಲೆಕ್ಕದಲ್ಲಿ ಹಂಚಿ, ಎಮ್ಮೆಯನ್ನು ನಮಗೆ, ಅದರ ಕರುವನ್ನು ಕಾಕಾನಿಗೆ ಕೊಟ್ಟರು. ಕರು ಹುಲ್ಲು ಕಡಿಯಲು ಹತ್ತಿದೆ, ಇನ್ನೇನು ತೊಂದರೆ ಎಂದು ಚಹಾ ಕುಡಿದು ಎದ್ದು ಹೋದರು.

ನಡುವೆ ಗೋಡೆ ಏಳತೊಡಗಿತು. ಅಷ್ಟರಲ್ಲಿ ಅಂಟೆನಾ ಹೋಗಿ ಕೇಬಲ್ ಬಂದಿತ್ತು. ಕಂಬದಿಂದ ಬಂದ ವೈರು ನಮ್ಮ ಪಾಲಿನ ಬೆಳಕಿಂಡಿಯಿಂದ ಇಳಿದು, ಒಂದನ್ನು ಎರಡು ಮಾಡುವ ಸಣ್ಣ ತಗಡಿನ ಡಬ್ಬಿಯೊಂದಕ್ಕೆ ಸೇರುತ್ತಿತ್ತು. ಅಲ್ಲಿಂದ ಒಂದು ಎಳೆ ಅಪ್ಪ ಹೊಸದಾಗಿ ತಂದ ಟಿವಿಗೆ, ಇನ್ನೊಂದು ಎಳೆ ಕಾಕಾನ ಪಾಲಿಗೆ. ಪಂಚರು ಬೀಸುಕಲ್ಲು, ಒನಕೆ, ನೇಗಿಲು ಎಲ್ಲ ಹಂಚಿದರು, ವೈರನ್ನು ಮರೆತರು. ಗೋಡೆ ಕಟ್ಟುವ ಗೌಂಡಿ ಅದನ್ನು ಕತ್ತರಿಸಲೇ ಎಂದು ಕೇಳಿದಾಗ ಕಾಕಾ, ಸಂಜೆ ಧಾರಾವಾಹಿ ಐತಿ, ಅದರ ತಂಟೆಗೆ ಹೋಗಬೇಡ ಎಂದ. ಗೌಂಡಿ ವೈರನ್ನು ನಡುವೆ ಬಿಟ್ಟು ಸುತ್ತಲೂ ಇಟ್ಟಂಗಿ ಇಟ್ಟು ಮಣ್ಣು ಮೆತ್ತಿದ. ಜಂತಿಗೆ ಮುಟ್ಟುವ ಮೊದಲೇ ಇಟ್ಟಂಗಿ ಮುಗಿದವು. ಆಮೇಲೆ ತುಂಬಿದರಾಯಿತು ಎಂದು ಬಿಟ್ಟ ಆ ಒಂದು ಗೇಣಿನ ಸಂದು ಇವತ್ತಿಗೂ ಹಾಗೇ ಇದೆ.

ಅತ್ತ ಕರು ಒದರುವುದು, ಇತ್ತ ಎಮ್ಮೆ ಒದರುವುದು. ಎಮ್ಮೆ ಸೊರ ಬಿಡಲಿಲ್ಲ, ಹಾಲು ಇಳಿಸಲಿಲ್ಲ, ಅವ್ವ ಹಾಲಿನ ತುಂಬಿಗೆ ಹಿಡಿದು ಕೂತೂ ಕೂತೂ ಬರಿಗೈಯಲ್ಲಿ ಎದ್ದಳು. ಮೂರನೆಯ ದಿನವೋ ನಾಲ್ಕನೆಯ ದಿನವೋ ಚಿಗವ್ವ ಕರುವನ್ನು ಹಿಡಿದುಕೊಂಡು ನಮ್ಮ ಬಾಗಿಲಿಗೆ ಬಂದಳು. ತಾಯಿ ಮಕ್ಕಳನ್ನು ಅಗಲಿಸುವುದು ಪಾಪ, ಎರಡನ್ನೂ ಒಂದೇ ಕಡೆ ಕಟ್ಟೋಣ, ಬೇಕಾದರೆ ನೀವೇ ಇಟ್ಟುಕೊಳ್ಳಿ ಎನ್ನಲು ಬಂದಿದ್ದಳೆಂದು ನಮಗೆ ಆಮೇಲೆ ತಿಳಿಯಿತು. ಹಾಲಿಲ್ಲದ ಸಿಟ್ಟಿನಲ್ಲಿದ್ದ ಅವ್ವ ಅದನ್ನು ಕೇಳುವಷ್ಟು ತಡೆಯಲಿಲ್ಲ. ತಾಯಿ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, “ಹಡೀಲಾರದಾಕಿಗೆ ತಾಯಿ ಸಂಕಟ ಏನ ತಿಳೀತದ” ಎಂದುಬಿಟ್ಟಳು.

ಚಿಗವ್ವನಿಗೆ ಮಕ್ಕಳಾಗಿರಲಿಲ್ಲ. ಆಕೆ ಕರುವಿನ ಹಗ್ಗವನ್ನು ನಮ್ಮ ಕಟ್ಟೆಯ ಕಂಬಕ್ಕೆ ಸುತ್ತಿ ತಿರುಗಿ ನಡೆದಳು. ಕರು ನಮ್ಮಲ್ಲೇ ಉಳಿಯಿತು, ಎಮ್ಮೆ ಹಾಲು ಕೊಟ್ಟಿತು. ಆ ಹಾಲಿನ ಚಹಾವನ್ನು ಅವ್ವ ಬಹಳ ದಿನ ಕುಡಿಯಲಿಲ್ಲ. ಇಬ್ಬರ ನಡುವೆ ಮಾತು ನಿಂತುಹೋಯಿತು. ಬಾವಿಯ ಹತ್ತಿರ, ಲಗ್ನದ ಪಂಗತಿಯಲ್ಲಿ, ಕೊನೆಗೆ ಅಪ್ಪ ತೀರಿದ ದಿನ ಮಗ್ಗುಲಲ್ಲೇ ಕೂತು ಅತ್ತಾಗಲೂ ಒಬ್ಬರನ್ನೊಬ್ಬರು ಮಾತಾಡಿಸಲಿಲ್ಲ.

ಆದರೆ ಗೋಡೆಯೊಳಗೆ ವೈರಿತ್ತಲ್ಲ. ತಗಡಿನ ಡಬ್ಬಿಗೆ ಕಚ್ಚಿಸಿದ ಪಿನ್ನು ವಾರಕ್ಕೊಮ್ಮೆಯಾದರೂ ಸಡಿಲವಾಗುತ್ತಿತ್ತು. ಹಲ್ಲಿ ಓಡಿದರೂ ಸಾಕು, ಕಾಕಾನ ಮನೆಯ ಟಿವಿಯಲ್ಲಿ ಇರುವೆ ಮುತ್ತುತ್ತಿದ್ದವು. ಆಗ ಗೋಡೆಯಾಚೆಯಿಂದ ಯಾರಿಗೂ ಅಲ್ಲವೆಂಬಂತೆ, “ಚಿತ್ರ ಹೋತು” ಎಂಬ ದನಿ ಬರುತ್ತಿತ್ತು. ಅವ್ವ ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದು ಪಿನ್ನು ತಿರುವುತ್ತಿದ್ದಳು. ಬಂತೇನು ಎಂದು ಗೋಡೆಯನ್ನು ಕೇಳುವಳು. ಇಲ್ಲ ಎಂದು ಗೋಡೆ ಹೇಳುವುದು. ಈಗ? ಬಂತು. ಹೋತು. ಈಗ? ಹಾಂ, ಅಲ್ಲೇ ಬಿಡು. ಇಷ್ಟೇ. ಅಕ್ಕ ಇಲ್ಲ, ತಂಗಿ ಇಲ್ಲ, ಹೆಸರಿಲ್ಲ. ಅಂಟೆನಾ ಕಾಲದ ಆ ನಾಲ್ಕು ಶಬ್ದಗಳನ್ನು ಇಬ್ಬರೂ ಪಾಲಿಗೆ ಸೇರಿಸದೆ ಉಳಿಸಿಕೊಂಡಿದ್ದರು.

ಒಮ್ಮೆ ನಾನು ಅವ್ವನನ್ನು ಚುಡಾಯಿಸಿದೆ. ಮಾತು ಬಿಟ್ಟಿದ್ದೇನೆ ಅನ್ನುತ್ತೀ, ದಿನಾ ಮಾತಾಡುತ್ತೀಯಲ್ಲ ಎಂದೆ. ಅವ್ವ ನಗಲಿಲ್ಲ.

“ಅದೆಲ್ಲಿ ಮಾತೋ ತಮ್ಮಾ, ಅದು ವೈರಿನ ಕೆಲಸ” ಎಂದಳು.

ವೈರಿನ ಕೆಲಸ ಯಾರು ಮಾಡಿದರೂ ಆಗಬೇಕಲ್ಲ ಎಂಬುದು ನನ್ನಂಥ ತಿಳಿದವನ ತರ್ಕ. ಅವ್ವ ಕಣ್ಣಿನ ಆಪರೇಶನ್ನಿಗೆಂದು ಹುಬ್ಬಳ್ಳಿಗೆ ಹೋಗಿ ಕೆಲವು ದಿನ ಇದ್ದಾಗ ಪಿನ್ನು ಸಡಿಲವಾಯಿತು. ಗಿರಿಜಾ ಹೋಗಿ ತಿರುವಿದಳು, ನಾನೂ ತಿರುವಿದೆ. ಬಿಗಿಮಾಡಿ, ತಾಮ್ರದ ತುದಿಯನ್ನು ಹೆರೆದು, ತಾಮ್ರ ಕಿಲುಬು ಹಿಡಿಯುವ ಬಗೆಯನ್ನು ಗೋಡೆಗೆ ಸವಿಸ್ತಾರವಾಗಿ ವಿವರಿಸಿದೆ. ಆಚೆಯಿಂದ ಚಿಗವ್ವ, ಇರಲಿ ಬಿಡಪ್ಪಾ, ಬರೂದಿಲ್ಲ ಅದು ಎಂದಳು. ಅವ್ವ ಹಸಿರು ಪಟ್ಟಿ ಕಣ್ಣಿಗೆ ಕಟ್ಟಿಕೊಂಡು ಬಂದ ಸಂಜೆ, ಗೋಡೆ ತಡವುತ್ತ ಹೋಗಿ ಪಿನ್ನನ್ನು ಸುಮ್ಮನೆ ಮುಟ್ಟಿದಳು. ಬಂತು ಎಂದಿತು ಗೋಡೆ. ಅವ್ವನ ಕೈಗುಣ ದೊಡ್ಡದೆಂದು ನಾನು ಸಂಘದಲ್ಲೆಲ್ಲ ಹೇಳಿಕೊಂಡು ತಿರುಗಿದೆ. ಗಿರಿಜಾ ಮಾತ್ರ ನನ್ನನ್ನು ನೋಡಿ, ನಿಮಗೆ ವೈರಷ್ಟೇ ತಿಳಿಯುತ್ತದೆ ಎಂದಳು.

ಈ ವರ್ಷ ಕಾಲ ಬದಲಾಯಿತು. ನಮಗೆ ಕೇಬಲ್ ಕೊಡುವ ಬಸಣ್ಣ ಬಂದು, ಹಳೇ ಲೈನು ಬಂದ್ ಮಾಡುತ್ತಿದ್ದೇನೆ, ಇನ್ನು ಮೇಲೆ ಗಾಜಿನ ಎಳೆಯ ಹೊಸ ವೈರು, ಅದರಲ್ಲೇ ಟಿವಿ, ಅದರಲ್ಲೇ ಇಂಟರ್‌ನೆಟ್ಟು ಎಂದ. ನಾನು ಖುಷಿಯಿಂದ ಹೂಂ ಎಂದೆ. ಅದೇ ವಾರ ಕಾಕಾ ತನ್ನ ಮಾಳಿಗೆಯ ಮೇಲೆ ಬೇರೆ ಡಿಶ್ಶು ಕೂಡಿಸಿದ. ಬಸಣ್ಣ ಮಾಳಿಗೆ ಹತ್ತಿ ಹಳೆಯ ವೈರನ್ನು ಕತ್ತರಿಸಿ ಸುರುಳಿ ಸುತ್ತಿದ. ಬೆಳಕಿಂಡಿಯಿಂದ ಡಬ್ಬಿಗೆ ಇಳಿದಿದ್ದ ತುಂಡನ್ನೂ ಎಳೆದುಕೊಂಡ. ಡಬ್ಬಿಯನ್ನೂ ಗೋಡೆಯೊಳಗಿನ ಎಳೆಯನ್ನೂ ಕೀಳಲು ಬಂದಾಗ ಅವ್ವ ಅಡ್ಡ ನಿಂತಳು. ಗೋಡೆ ಒಡೆಯುತ್ತದೆ, ಅದಿರಲಿ ಎಂದಳು. ಬಸಣ್ಣ, ಪಿನ್ನು ಬಿಚ್ಚಿದರೆ ಸಾಕು, ಗೋಡೆಗೇನಾಗುವುದಿಲ್ಲ ಎಂದರೂ ಕೇಳಲಿಲ್ಲ. ಅವನು ನನ್ನ ಮುಖ ನೋಡಿದ, ನಾನು ಮಾಳಿಗೆಯ ಜಂತಿ ನೋಡಿದೆ.

ಹೊಸ ವೈರಿನಿಂದ ಟಿವಿಯಲ್ಲಿ ಚಿತ್ರ ಎಷ್ಟು ಸ್ವಚ್ಛವೆಂದರೆ, ಧಾರಾವಾಹಿಯ ಅತ್ತೆಯ ಮೂಗುತಿಯ ಹರಳು ಎಣಿಸಬಹುದು. ಇರುವೆ ಇಲ್ಲ, ಬೆಚ್ಚುವುದಿಲ್ಲ, ಹೋಗುವುದಿಲ್ಲ. ಅವ್ವ ಅದರ ಮುಂದೆ ಕೂತು ಗೋಡೆಯ ಕಡೆ ಕಿವಿ ಇಟ್ಟಿರುತ್ತಿದ್ದಳು. ಗೋಡೆಯಾಚೆಯ ಟಿವಿಯೂ ಅಷ್ಟೇ ಸ್ವಚ್ಛವಾಗಿ ಮಾತಾಡುತ್ತಿತ್ತು. ಹೀಗೆ ದಿನಗಳು ಹೋದವು. ಅವ್ವ ರೊಟ್ಟಿ ಅರ್ಧಕ್ಕೇ ಬಿಡತೊಡಗಿದಳು. ಯಾಕ್ ಬೇ, ಮೈಯಾಗ ಆರಾಮಿಲ್ಲೇನು ಎಂದರೆ, ಏನೂ ಇಲ್ಲ ಎಂದಳು. ನನಗೆ ಹೊಳೆದದ್ದು ಅವತ್ತು. ಕೆಟ್ಟ ಚಿತ್ರದ ನೆವದಲ್ಲಿ ಉಳಿದಿದ್ದ ನಾಲ್ಕು ಮಾತೂ ಈಗ ಅವ್ವನಿಗೆ ಇಲ್ಲವಾಗಿದ್ದವು. ವೈರುಗಳ ಜಾತಿ ಬಲ್ಲವನು ನಾನು, ಈ ವೈರು ಏನನ್ನು ಹೊರುತ್ತಿತ್ತೆಂದು ಮಾತ್ರ ತಿಳಿದಿರಲಿಲ್ಲ. ನನಗೆ ಬಹಳ ಕೆಟ್ಟದೆನಿಸಿತು.

ನೇರವಾಗಿ ಹೋಗಿ ಚಿಗವ್ವನನ್ನು ಒಮ್ಮೆ ಮಾತಾಡಿಸಿಬಿಡು ಎಂದೆ ಅವ್ವನಿಗೆ. ಇಷ್ಟು ವರ್ಷಗಳಲ್ಲಿ ಮೊದಲ ಸಲ ಅವಳು ಆ ದಿನದ ವಿಷಯ ಎತ್ತಿದಳು.

“ಯಾವ ಬಾಯಿಲೆ ಮಾತಾಡ್ಸಲಿ? ಈ ಬಾಯಿಲೆ ಅಂದದ್ದನ್ನ ಆಕಿ ಮರತಿರ್ತಾಳೇನು? ನಾ ಅಂತೂ ಮರತಿಲ್ಲ.”

ಇನ್ನೊಂದು ಕಡೆಯಿಂದ ನೋಡೋಣವೆಂದು ಚಿಗವ್ವನ ಮನೆಗೆ ಹೋದೆ. ನಾವು ಗಂಡಸರು, ಮಕ್ಕಳು ಅತ್ತಿತ್ತ ಹೋಗಿಬರುವುದಕ್ಕೆ ಎಂದೂ ಅಡ್ಡಿ ಇರಲಿಲ್ಲ. ಚಿಗವ್ವ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತ ಕೂತಿದ್ದಳು. ಟಿವಿಗೆ ಡಿಶ್ಶಿನ ಬಿಳಿ ವೈರು ಹೊಕ್ಕಿತ್ತು. ಗೋಡೆಯಿಂದ ಹೊರಟ ನಮ್ಮ ಕರಿ ವೈರಿನ ತುದಿ ಯಾವುದಕ್ಕೂ ಸೇರದೆ ಜೋತುಬಿದ್ದಿತ್ತು, ಪಿನ್ನಿನ ಮೇಲೆ ಆಗಲೇ ಧೂಳು ಕೂತಿತ್ತು. ನಾನು ಅದನ್ನು ನೋಡುವುದನ್ನು ಆಕೆ ನೋಡಿದಳು. ಮೆಣಸಿನ ಘಾಟಿಗೋ ಏನೋ, ಸೆರಗಿನಿಂದ ಕಣ್ಣು ಒರೆಸಿಕೊಂಡು, ನಿಮ್ಮ ಕಡೆಯ ಡಬ್ಬಿ ಕಿತ್ತರೇನು ಎಂದು ಕೇಳಿದಳು. ಬಸಣ್ಣ ಕೀಳಲು ಬಂದಿದ್ದ, ಅವ್ವ ಕೀಳಗೊಡಲಿಲ್ಲ, ಆದರೆ ಅದಕ್ಕೆ ಬರುವ ವೈರೇ ಈಗಿಲ್ಲ ಎಂದೆ. ಚಿಗವ್ವ ಮೆಣಸಿನಕಾಯಿ ಬದಿಗೆ ಸರಿಸಿ ಚಹಾಕ್ಕೆ ಎದ್ದಳು. ನಾನು ಹೇಳಬೇಕೆಂದು ಕಟ್ಟಿಕೊಂಡು ಹೋಗಿದ್ದ ಭಾಷಣ ಮರೆತು, ಕೊಟ್ಟ ಚಹಾ ಕುಡಿದು ಬಂದೆ. ಬಂದು ಅವ್ವನಿಗೆ, ಚಿಗವ್ವನ ಕಡೆಯ ತುದಿಯೂ ಬಿಚ್ಚಿಬಿಟ್ಟಿದೆ, ಡಿಶ್ಶಿನ ವೈರು ಹಾಕಿದ್ದಾರೆ ಎಂದೆ. ಹೌದೇನು ಎಂದಳು, ಅಷ್ಟೇ.

ಮರುದಿನ ಸಂಜೆ ನಾನು ಕಚೇರಿಯಿಂದ ಬಂದು ಕಟ್ಟೆಯ ಮೇಲೆ ಕಾಲು ತೊಳೆಯುತ್ತಿದ್ದೆ. ಒಳಗೆ ನಮ್ಮ ಟಿವಿಯ ಧಾರಾವಾಹಿ ಶುರುವಾಗಿತ್ತು, ಗೋಡೆಯಾಚೆ ಅದೇ ಧಾರಾವಾಹಿ ಒಂದು ಮಾತು ಹಿಂದೆ ಬರುತ್ತಿತ್ತು. ಇದ್ದಕ್ಕಿದ್ದಂತೆ ನಮ್ಮ ಟಿವಿ ಸುಮ್ಮನಾಯಿತು. ಇಣುಕಿ ನೋಡಿದರೆ ಅವ್ವ ಟಿವಿ ಬಂದ್ ಮಾಡಿ ಗೋಡೆಯ ಹತ್ತಿರ ಹೋಗಿ ನಿಂತಿದ್ದಳು. ತಗಡಿನ ಡಬ್ಬಿಯ ಪಿನ್ನಿಗೆ ಕೈ ಹಚ್ಚಿದಳು.

“ಬಂತೇನು?” ಎಂದಳು.

ಆಚೆಯ ಟಿವಿಯ ದನಿ ಸಣ್ಣದಾಗುತ್ತ ಹೋಗಿ ಪೂರ್ತಿ ನಿಂತಿತು. ಗಿರಿಜಾ ಒಲೆಯ ಮುಂದಿನಿಂದ ಎದ್ದು ಬಾಗಿಲಿಗೆ ಬಂದಳು. ನಾನು ಚೊಂಬನ್ನು ಸಪ್ಪಳವಾಗದಂತೆ ಕೆಳಗಿಟ್ಟೆ.

“ಇಲ್ಲ” ಎಂದಳು ಚಿಗವ್ವ.

ಅವ್ವ ತಿರುವಿದಳು. ಈಗ ಎಂದಳು. ಇಲ್ಲ ಎಂದು ಬಂತು. ಮತ್ತೆ ತಿರುವಿದಳು. ಈಗ ಎಂದಳು. ಗೋಡೆಯಾಚೆ ಯಾರೋ ನೆಲದ ಮೇಲೆ ಕೂತ ಸದ್ದಾಯಿತು, ಬಳೆಗಳು ಗೋಡೆಗೆ ತಾಗಿದವು.

“ಅದು ಲಗೂನ ಬರೂದಲ್ಲ, ಅಕ್ಕಾ. ಕುಂತ ತಿರುವು.”

ಅವ್ವ ಪಿನ್ನು ಬಿಡದೆಯೇ ಕಾಲಿನಿಂದ ಮಣೆ ಎಳೆದುಕೊಂಡು ಕೂತಳು.